ಅರಳುಮರಳಿಗೆ ರಕ್ತದ ಸಾಕ್ಷಿ

ಅರವತ್ತಕ್ಕೆ ಅರಳುಮರಳೆಂದು ನಮ್ಮವರು ಬಹು ಹಗುರವಾಗಿ ಆಡಿಬಿಡುತ್ತಾರೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ತಡಕಾಡುವುದು ಮುಪ್ಪಿನ ಸಹಜ ಲಕ್ಷಣ. ಆದರೆ ಆಗತಾನೆ ಉಂಡೆದ್ದುದನ್ನು ಮರೆತು ಮತ್ತೆ ಎಲೆ ಹಾಕೆನ್ನುವುದು, ಹೆತ್ತ ಮಗಳನ್ನೇ ನೀನಾರೆಂದು ಕೇಳುವುದು ಮುಪ್ಪಲ್ಲ, ವ್ಯಾಧಿ. ಇವೆರಡರ ನಡುವಣ ಗೆರೆಯನ್ನು ಗುರುತಿಸುವುದು ನುರಿತ ವೈದ್ಯರಿಗೂ ಸುಲಭವಲ್ಲ.

1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಔಗುಸ್ಟೆ ಡೀಟರ್ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ಪತಿಯ ಹೆಸರೇನೆಂದು ವೈದ್ಯ ಅಲೋಯಿಸ್ ಆಲ್ಝೈಮರ್ ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳಿದಳು. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡಳು. ಮಿದುಳನ್ನು ತರಿಸಿಕೊಂಡು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ನರಕೋಶಗಳ ಹೊರಗೆ ಗರಣೆಗಳೂ, ಒಳಗೆ ಸಿಕ್ಕುಬಿದ್ದ ನೂಲಿನಂಥ ಎಳೆಗಳೂ ಗೋಚರಿಸಿದವು. ಆ ನವೆಂಬರಿನಲ್ಲಿ ಟ್ಯೂಬಿಂಗನ್ನಿನ ವೈದ್ಯಸಭೆಯಲ್ಲಿ ಅವರು ಇದನ್ನು ವಿವರಿಸಿದರು. ಸಭಿಕರಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲವಂತೆ! 1910ರಲ್ಲಿ ಕ್ರೆಪೆಲಿನ್ ತಮ್ಮ ಗ್ರಂಥದಲ್ಲಿ ವ್ಯಾಧಿಗೆ ಆಲ್ಝೈಮರರ ಹೆಸರಿಟ್ಟರು. ಹೆಸರೇನೋ ಬಂದಿತು. ಆದರೆ ರೋಗ ಇದೇ ಎಂದು ನಿಶ್ಚಯಿಸಲು ರೋಗಿ ಸಾಯಬೇಕೆಂಬ ವಿಪರ್ಯಾಸ ಬಹುಕಾಲ ಉಳಿಯಿತು.

1984ರಲ್ಲಿ ಗ್ಲೆನರ್ ಮತ್ತು ವಾಂಗ್ ಎಂಬವರು ಆ ಗರಣೆಯ ವಸ್ತುವನ್ನು ಬೇರ್ಪಡಿಸಿದರು. ಅದು ಅಮೈಲಾಯ್ಡ್ ಬೀಟಾ ಎಂಬ ಸಸಾರಜನಕದ ತುಣುಕು. ಎಳೆಗಳ ಸಿಕ್ಕಿಗೆ ಕಾರಣವಾದುದು ಟೌ ಎಂಬ ಇನ್ನೊಂದು ಸಸಾರಜನಕ. ತಲೆಬುರುಡೆಯನ್ನು ತೆರೆಯದೆ ಇವನ್ನು ಅಳೆಯುವ ಬಗೆ ಹೇಗೆ?

ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದು ಸುಮಾರು 150 ಮಿಲಿಲೀಟರಿನಷ್ಟು ತಿಳಿಯಾದ ದ್ರವವಿದೆ. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಸೂಜಿಯಿಟ್ಟು ಅದನ್ನು ಹೀರುವ ಕ್ರಮವನ್ನು 1891ರಲ್ಲಿಯೇ ಜರ್ಮನಿಯ ಕ್ವಿಂಕೆ ರೂಢಿಗೆ ತಂದಿದ್ದರು. (ಕಾಲು ಬಿದ್ದುಹೋದೀತೆಂಬ ಭಯಕ್ಕೆ ಆಧಾರ ಕಡಿಮೆ, ಕೆಲವರಿಗೆ ತಲೆನೋವು ಬರುವುದುಂಟು.) ಆಲ್ಝೈಮರ್ ರೋಗಿಗಳ ದ್ರವದಲ್ಲಿ ಟೌ ಹೆಚ್ಚುತ್ತದೆ, ಅಮೈಲಾಯ್ಡ್ ಕಡಿಮೆಯಾಗುತ್ತದೆ. ಇದೇನು ವಿಚಿತ್ರವೆನ್ನುವಿರಾ? ಕೆರೆಯ ಹೂಳು ತಳದಲ್ಲಿಯೇ ನೆಲೆಸಿದರೆ ತೂಬಿನಿಂದ ಹೊರಬೀಳುವ ನೀರಿನಲ್ಲಿ ಅದರ ಅಂಶ ಕಡಿಮೆಯಲ್ಲವೆ? ಹಾಗೆಯೇ ಅಮೈಲಾಯ್ಡು ಮಿದುಳಿನಲ್ಲಿ ಗರಣೆಗಟ್ಟಿ ನಿಂತಷ್ಟೂ ದ್ರವಕ್ಕೆ ಇಳಿಯುವುದು ಕಡಿಮೆ.

ರಕ್ತದ ಮಾತು ಇನ್ನೂ ಕಠಿನವಾಗಿತ್ತು. ಮಿದುಳಿನಿಂದ ರಕ್ತಕ್ಕೆ ಜಿನುಗುವ ಟೌ ಅತ್ಯಲ್ಪ. ಅದನ್ನು ಅಳೆಯುವ ಮಾನ ಪಿಕೋಗ್ರಾಂ, ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಅಷ್ಟು ಸೂಕ್ಷ್ಮವಾದ ಯಂತ್ರಗಳು ಬಂದ ಮೇಲೆ, 217ನೆಯ ಕೊಂಡಿಯಲ್ಲಿ ಫಾಸ್ಫೇಟು ಅಂಟಿಕೊಂಡ ಟೌ ಅತ್ಯಂತ ನಂಬಲರ್ಹ ಸಾಕ್ಷಿಯೆಂದು ಕಂಡುಬಂದಿತು. 2024ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಮರೆವಿನ ದೂರಿನಿಂದ ಬಂದ ಸುಮಾರು 1200 ಮಂದಿಯನ್ನು ಪರೀಕ್ಷಿಸಲಾಯಿತು. ಸಾಮಾನ್ಯ ವೈದ್ಯರ ನಿರ್ಣಯ ನೂರಕ್ಕೆ 61ರಷ್ಟು, ತಜ್ಞರದು 73ರಷ್ಟು, ರಕ್ತಪರೀಕ್ಷೆಯದು ಸುಮಾರು 91ರಷ್ಟು ಸರಿಯಾಗಿತ್ತು.

2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಹಾಗೂ ಔಷಧ ನಿಯಂತ್ರಣ ಸಂಸ್ಥೆ ಇಂಥ ರಕ್ತಪರೀಕ್ಷೆಯೊಂದಕ್ಕೆ ಮೊದಲ ಬಾರಿಗೆ ಸಮ್ಮತಿಯಿತ್ತಿತು. ಅದಕ್ಕೆ ಆಧಾರವಾದ 499 ಮಾದರಿಗಳಲ್ಲಿ ನೂರಕ್ಕೆ 20ಕ್ಕಿಂತ ಕಡಿಮೆ ಮಂದಿಯ ಫಲಿತಾಂಶ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಅಂಥವರಿಗೆ ಬೆನ್ನಿನ ಸೂಜಿ, ಇಲ್ಲವೆ ದುಬಾರಿಯಾದ ಪೆಟ್ ಚಿತ್ರಣವೇ ಗತಿ.

ಇಷ್ಟು ತಿಳಿದೊಡನೆ ಪ್ರಯೋಗಶಾಲೆಗೆ ಓಡಬೇಕಾಗಿಲ್ಲ. ಮಿದುಳಿನಲ್ಲಿ ಅಮೈಲಾಯ್ಡು ಇದ್ದೂ ಕೊನೆಯವರೆಗೆ ಚುರುಕಾಗಿರುವ ವೃದ್ಧರಿದ್ದಾರೆ. ಮೂತ್ರಪಿಂಡದ ಕಾಯಿಲೆಯಲ್ಲಿ ಟೌ ಅಳತೆ ಏರಿ ದಾರಿತಪ್ಪಿಸಬಹುದು. ಆದುದರಿಂದ ಮರೆವಿನ ಲಕ್ಷಣವಿಲ್ಲದವರಿಗೆ ಈ ಪರೀಕ್ಷೆಯನ್ನು ವಿಧಿಸಿಲ್ಲ. ಲಕ್ಷಣವುಳ್ಳವರಿಗೆ ಮಾತ್ರ ಇದರಿಂದ ಪ್ರಯೋಜನ ನಿಜ: ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಎಂಬ ಹೊಸ ಔಷಧಗಳನ್ನು ಮಿದುಳಿನಲ್ಲಿ ಅಮೈಲಾಯ್ಡು ಖಚಿತವಾದವರಿಗೆ, ಅದೂ ರೋಗದ ಆರಂಭದಲ್ಲಿ ಮಾತ್ರ ಕೊಡುತ್ತಾರೆ. ಅವು ರೋಗವನ್ನು ಕಳೆಯವು, ಗತಿಯನ್ನು ಒಂದಿಷ್ಟು ತಗ್ಗಿಸುತ್ತವೆ. ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಉಂಟು.

ಟೌ ಅಳೆಸುವ ಮೊದಲು ಬಿ12 ಜೀವಸತ್ವ, ಥೈರಾಯ್ಡು, ಮನಸ್ಸಿನ ಖಿನ್ನತೆ ಇವನ್ನು ವೈದ್ಯರು ನೋಡುತ್ತಾರೆ. ಇವುಗಳಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸುವುದುಂಟು. ಅದನ್ನೂ ಅರಳುಮರಳೆಂದೇ ತಳ್ಳಿಹಾಕಿದ ಮನೆಗಳೇನೂ ಕಡಿಮೆಯಿಲ್ಲ.