ಸಿಟಿ ಸ್ಕ್ಯಾನ್ ಯಂತ್ರವನ್ನು ರೋಗಿ ಇಲ್ಲದೆ ಖಾಲಿ ಓಡಿಸುವುದೇಕೆ?

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಗದಗಕ್ಕೋ ಹುಬ್ಬಳ್ಳಿಗೋ ಸಿಟಿ ಸ್ಕ್ಯಾನ್‌ಗೆ ಬಂದವರಿಗೆ ಒಮ್ಮೊಮ್ಮೆ ಸಿಟ್ಟು ಬರುವುದುಂಟು. ಒಳಗೆ ರೋಗಿ ಇಲ್ಲ, ಯಂತ್ರ ತಿರುಗುತ್ತಿದೆ, ಆದರೂ ‘ಸ್ವಲ್ಪ ಕಾಯ್ರಿ’ ಎನ್ನುತ್ತಾರೆ. ಬೇಕೆಂದೇ ಕಾಯಿಸುತ್ತಿದ್ದಾರೆಯೇ? ಸಾಮಾನ್ಯವಾಗಿ ಅಲ್ಲ. ಆ ಕೆಲವು ನಿಮಿಷ ನಿಮ್ಮ ರಿಪೋರ್ಟ್ ಸರಿ ಬರಲೆಂದೇ.

ಯಂತ್ರದ ದೊಡ್ಡ ಬಳೆಯೊಳಗೆ ಒಂದು ಕಡೆ ಎಕ್ಸ್‌ರೇ ಟ್ಯೂಬ್, ಅದರ ಎದುರಿಗೆ ಸಾಲಾಗಿ ಜೋಡಿಸಿದ ಪುಟ್ಟ ಡಿಟೆಕ್ಟರ್‌ಗಳು ಇರುತ್ತವೆ. ಒಂದೊಂದು ಸಾಲಿನಲ್ಲಿ ಸಾಮಾನ್ಯವಾಗಿ 700ರಿಂದ 900. ದೇಹ ದಾಟಿ ಎಷ್ಟು ಕಿರಣ ಬಂತೆಂದು ಪ್ರತಿಯೊಂದೂ ಹೇಳಬೇಕು. ಆದರೆ ಒಟ್ಟಿಗೇ ತಯಾರಾದ ಎರಡು ಡಿಟೆಕ್ಟರ್‌ಗಳೂ ಒಂದೇ ಉತ್ತರ ಕೊಡುವುದಿಲ್ಲ. ಬಿಸಿ ಏರಿಳಿದರೆ ಉತ್ತರವೂ ಬದಲಾಗುತ್ತದೆ. ಆ ಕೋಣೆಯ ಎಸಿ ರೋಗಿಗಿಂತ ಹೆಚ್ಚಾಗಿ ಯಂತ್ರಕ್ಕೇ ಬೇಕು!

ಎಪಿಎಂಸಿಯಲ್ಲಿ 800 ತೂಕದ ಯಂತ್ರ ಇಟ್ಟಿದ್ದಾರೆ ಅಂದುಕೊಳ್ಳಿ. ಮೊದಲು ಏನೂ ಇಡದೆ ಪ್ರತಿಯೊಂದೂ ಎಷ್ಟು ತೋರಿಸುತ್ತದೆ ನೋಡಬೇಕು. ಆಮೇಲೆ ಒಂದೇ ಬಟ್ಟನ್ನು ಎಲ್ಲದರ ಮೇಲೂ ಇಟ್ಟು, ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಬರೆದುಕೊಳ್ಳಬೇಕು. ಸಿಟಿಯಲ್ಲೂ ಹೀಗೇ: ಕಿರಣ ಇಲ್ಲದೆ ಒಮ್ಮೆ, ಬರೀ ಗಾಳಿಯ ಮೂಲಕ ಕಿರಣ ಬಿಟ್ಟು ಇನ್ನೊಮ್ಮೆ ಅಳೆದು, ಕಂಪ್ಯೂಟರ್ ಪ್ರತಿ ಡಿಟೆಕ್ಟರ್‌ನ ಲೆಕ್ಕ ತಿದ್ದಿಕೊಳ್ಳುತ್ತದೆ. ಇದಕ್ಕೆ ಏರ್ ಕ್ಯಾಲಿಬ್ರೇಷನ್ ಎನ್ನುತ್ತಾರೆ.

ಇದನ್ನು ಬಿಟ್ಟರೆ? ಡಿಟೆಕ್ಟರ್‌ಗಳು ಟ್ಯೂಬ್ ಜೊತೆಗೇ ಸುತ್ತುವುದರಿಂದ, ತಪ್ಪು ಹೇಳುವ ಒಂದು ಡಿಟೆಕ್ಟರ್ ಚಿತ್ರದಲ್ಲಿ ಉಂಗುರ ಬರೆಯುತ್ತದೆ. ವಿಮಾನ ನಿಲ್ದಾಣದ ಬ್ಯಾಗ್ ಸ್ಕ್ಯಾನರ್‌ನಲ್ಲಾದರೆ ಇದೇ ದೋಷ ನೇರ ಗೆರೆಯಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಬ್ಯಾಗ್ ನೇರವಾಗಿ ಸಾಗುತ್ತದೆ. ಉಂಗುರ ಚಿತ್ರದ ನಡುವೆಯೇ ಬಂದರೆ ಬರೀ ಚುಕ್ಕೆಯಂತಾಗುತ್ತದೆ. ಮೆದುಳಿನ ಸ್ಕ್ಯಾನ್‌ನಲ್ಲಿ ಅಂಥ ಚುಕ್ಕೆ ಕಾಯಿಲೆಯೇನೋ ಎಂಬ ಅನುಮಾನ ಹುಟ್ಟಿಸಬಲ್ಲದು.

ತಿದ್ದಿದ್ದು ಸರಿಯಾಗಿದೆಯೇ ಎಂದು ನೋಡಲು ನೀರು ತುಂಬಿದ ದುಂಡು ಡಬ್ಬಿಯನ್ನು ಸ್ಕ್ಯಾನ್ ಮಾಡುತ್ತಾರೆ. ಸಿಟಿಯ ಅಳತೆಯಲ್ಲಿ ನೀರು 0, ಗಾಳಿ -1000. ಸಿಟಿ ಕಂಡುಹಿಡಿದು 1979ರ ನೊಬೆಲ್ ಹಂಚಿಕೊಂಡ ಹೌನ್ಸ್‌ಫೀಲ್ಡ್ ಹೆಸರೇ ಈ ಅಳತೆಗಿದೆ. ಡಬ್ಬಿಯ ನಡುವೆ ಒಂದು ಕಡೆ, ಅಂಚಿನಲ್ಲಿ ನಾಲ್ಕು ಕಡೆ ನೋಡಿದರೆ ಎಲ್ಲೆಡೆ ಹೆಚ್ಚೂಕಡಿಮೆ 0 ಬರಬೇಕು. ನಡುವಿಗೂ ಅಂಚಿಗೂ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ಎಂಜಿನಿಯರ್‌ನನ್ನು ಕರೆಯಬೇಕು. ಇದಲ್ಲದೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಎರಡು ವರ್ಷಕ್ಕೊಮ್ಮೆಯಾದರೂ ಪೂರ್ಣ ಗುಣಮಟ್ಟ ಪರೀಕ್ಷೆ ಆಗಬೇಕು.

ಖಾಲಿ ಓಡಿಸಿದ ಕೋಣೆಯಲ್ಲಿ ವಿಕಿರಣ ಉಳಿದುಬಿಡುತ್ತದೆಯೇ? ಇಲ್ಲ. ಬಲ್ಬ್ ಆರಿಸಿದರೆ ಬೆಳಕು ಹೋದಂತೆ, ಟ್ಯೂಬ್ ನಿಂತ ಕೂಡಲೇ ಎಕ್ಸ್‌ರೇ ಇಲ್ಲ.

ಉಂಗುರದ ವಿಷಯ ನಿಮ್ಮ ಮೊಬೈಲ್‌ನಲ್ಲೇ ಅರ್ಥ ಮಾಡಿಕೊಳ್ಳಬಹುದು. ಬಿಳಿ ಗೋಡೆಯ ಎರಡು ಫೋಟೊ ಬೇರೆ ಬೇರೆ ಜಾಗದಿಂದ ತೆಗೆಯಿರಿ. ಎರಡರಲ್ಲೂ ಕಲೆ ಒಂದೇ ಮೂಲೆಯಲ್ಲಿದ್ದರೆ ಅದು ಗೋಡೆಯದಲ್ಲ, ಕ್ಯಾಮೆರಾದ್ದು. ರೇಡಿಯಾಲಜಿಸ್ಟ್ ಕೂಡ ಒಂದರ ಹಿಂದೆ ಒಂದರಂತೆ ಚಿತ್ರಗಳನ್ನು ನೋಡುತ್ತಾರೆ. ಉಂಗುರಗಳು ಯಂತ್ರ ತಿರುಗುವ ಕೇಂದ್ರವನ್ನೇ ಸುತ್ತಿ ಬರುತ್ತಿದ್ದರೆ ದೋಷ ಯಂತ್ರದ್ದೆಂದು ತಿಳಿಯುತ್ತದೆ. ಫಿಲ್ಮ್‌ನ ಒಂದೇ ಫೋಟೊ ತೆಗೆದು ಗ್ರೂಪಿಗೆ ಹಾಕಿ ‘ಇದೇನು ಗಡ್ಡೆಯಾ?’ ಎಂದು ಕೇಳಿದರೆ ಇದು ಯಾರಿಗೂ ತಿಳಿಯುವುದಿಲ್ಲ. ಅನುಮಾನವಿದ್ದರೆ ಎಲ್ಲ ಚಿತ್ರಗಳಿರುವ ಸಿಡಿಯನ್ನೇ ಕೇಳಿ ಪಡೆದು ವೈದ್ಯರಿಗೆ ತೋರಿಸಿ.