ಹುಳುಕು ಹಲ್ಲು: ತುಂಬಿಸಿದರೆ ಮುಗಿಯಿತೇ?

"ಲವಂಗದ ಎಣ್ಣೆ ಇದ್ದರೆ ಸ್ವಲ್ಪ ಕೊಡಿ ಡಾಕ್ಟ್ರೇ, ಮಗಳಿಗೆ ಹಲ್ಲುನೋವು."

ನನ್ನ ದವಾಖಾನೆಯಲ್ಲಿ ಈ ಮಾತು ಕೇಳದ ವಾರವಿಲ್ಲ. ಒಮ್ಮೆ ಹೀಗೆ ಬಂದ ತಾಯಿಯ ಜೊತೆ ಎಂಟು ವರ್ಷದ ಹುಡುಗಿಯಿದ್ದಳು. ಬಾಯಿ ತೆರೆಸಿ ಟಾರ್ಚ್ ಹಾಕಿದರೆ ಹಿಂದಿನ ದವಡೆ ಹಲ್ಲಿನಲ್ಲಿ ಕಡಲೆಕಾಳು ಹೋಗುವಷ್ಟು ಗುಳಿ. ಮೂರು ತಿಂಗಳಿಂದ ಎಣ್ಣೆ ಹಾಕುತ್ತಿದ್ದರಂತೆ. "ಹಾಲುಹಲ್ಲು ತಾನೇ, ಹೇಗೂ ಬಿದ್ದು ಹೋಗ್ತದೆ" ಎಂದರು ತಾಯಿ. ಅದು ಹಾಲುಹಲ್ಲಾಗಿರಲಿಲ್ಲ. ಮಗುವಿಗೆ ಸುಮಾರು ಆರು ವರ್ಷವಾದಾಗ, ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಕೊನೆಯಲ್ಲಿ ಸದ್ದಿಲ್ಲದೆ ಒಂದು ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಹಳೆಯದು ಬೀಳದಿರುವುದರಿಂದ ಹೊಸದು ಬಂದದ್ದು ಮನೆಯವರಿಗೆ ಗೊತ್ತಾಗುವುದಿಲ್ಲ. ಆ ಹುಡುಗಿ ಮುದುಕಿಯಾಗುವವರೆಗೂ ಬಾಳಬೇಕಿದ್ದ ಹಲ್ಲು ಅದು. ಹುಳುಕು ಆಗಲೇ ನರದವರೆಗೆ ಇಳಿದಿತ್ತು.

ನಾನು ವೃತ್ತಿ ಆರಂಭಿಸಿದ ದಿನಗಳಲ್ಲಿ ಯಾರಾದರೂ ಕೇಳಿದರೆ ಎಣ್ಣೆಯ ಶೀಶೆ ಕೊಟ್ಟು ಕಳುಹಿಸುತ್ತಿದ್ದೆ. ನೋವು ನಿಂತರೆ ರೋಗಿ ಮತ್ತೆ ಬರುವುದಿಲ್ಲ, ಹಲ್ಲು ಮಾತ್ರ ಒಳಗೊಳಗೇ ಕರಗುತ್ತಿರುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೂ ಕೆಲವು ವರ್ಷ ಬೇಕಾಯಿತು.

ಹುಳುಕು ಎಂಬ ಹೆಸರಿನಲ್ಲೇ ಹುಳ ಇದೆ. ಹಲ್ಲನ್ನು ಹುಳ ತಿನ್ನುತ್ತದೆ ಎಂದು ಹಿಂದಿನವರು ಬಹುತೇಕ ಎಲ್ಲ ದೇಶಗಳಲ್ಲೂ ನಂಬಿದ್ದರು. ನಮ್ಮ ಯುನಾನಿ ಗ್ರಂಥಗಳೂ ಇದಕ್ಕೆ ಹೊರತಲ್ಲ. ಇಬ್ನ್ ಸೀನಾ ಅವರ 'ಅಲ್ ಕಾನೂನ್'ನಲ್ಲಿ ಹಲ್ಲಿನ ಹುಳಕ್ಕೆ ಹೊಗೆ ಕೊಡುವ ವಿಧಾನವಿದೆ. ಅವರ ಮೇಲಿನ ಗೌರವ ಇದರಿಂದ ನನಗೆ ಕಡಿಮೆಯಾಗಿಲ್ಲ, ಅವರ ಕಾಲದಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ ಅಷ್ಟೆ. ಆದರೆ 13ನೇ ಶತಮಾನದಲ್ಲೇ ಡಮಾಸ್ಕಸ್ ಕಡೆಯ ಅಲ್ ಜೌಬರಿ ಎಂಬವರು ವಂಚಕರ ಗುಟ್ಟುಗಳನ್ನು ಬಯಲು ಮಾಡುವ ಪುಸ್ತಕ ಬರೆದು, ಹಲ್ಲಿನಿಂದ ಹುಳ ತೆಗೆಯುವವರ ಕೈಚಳಕವನ್ನೂ ಅದರಲ್ಲಿ ಸೇರಿಸಿದ್ದರು. ಅದೇ ಕೈಚಳಕವನ್ನು ನಮ್ಮ ಸಂತೆಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ!

ನಿಜವಾದ ಕಾರಣ ಪ್ರಯೋಗಾಲಯದಲ್ಲಿ ಸಿಕ್ಕಿತು. ಬರ್ಲಿನ್‌ನಲ್ಲಿದ್ದ ಅಮೆರಿಕದ ದಂತವೈದ್ಯ ವಿಲ್ಲೋಬಿ ಮಿಲ್ಲರ್ ಕಿತ್ತ ಹಲ್ಲುಗಳನ್ನು ಬ್ರೆಡ್ ಮತ್ತು ಜೊಲ್ಲಿನ ಮಿಶ್ರಣದಲ್ಲಿ ಹಾಕಿ, ಮೈಶಾಖದಲ್ಲಿ ಇಟ್ಟರು. ಹಲ್ಲು ಮೆತ್ತಗಾಗತೊಡಗಿತು. ಜೊಲ್ಲನ್ನು ಮೊದಲೇ ಕುದಿಸಿ ಸೂಕ್ಷ್ಮಾಣುಗಳನ್ನು ಕೊಂದರೆ ಹಾಗಾಗಲಿಲ್ಲ. ಅಂದರೆ ಬಾಯಿಯ ಬ್ಯಾಕ್ಟೀರಿಯಾಗಳು ಹಿಟ್ಟು, ಸಕ್ಕರೆಯ ಅಂಶವನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. 1890ರಲ್ಲಿ ಅವರ ಪುಸ್ತಕ ಬಂತು. 1924ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಹುಳುಕು ಹಲ್ಲುಗಳಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾವೇ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್. ಇಂದಿಗೂ ಹುಳುಕಿನ ಪ್ರಮುಖ ಆರೋಪಿಗಳಲ್ಲಿ ಅದೊಂದು. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚ ಖನಿಜ ಕಳೆದುಕೊಳ್ಳುತ್ತದೆ. ಸಿಹಿ ತಿಂದ ಮೇಲೆ ಅದನ್ನು ಸರಿಪಡಿಸಲು ಜೊಲ್ಲಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ದಿನಕ್ಕೆ ಆರು ಸಲ ಸಕ್ಕರೆ ಚಹಾ, ಮಧ್ಯೆ ಬಿಸ್ಕತ್ತು ಎಂದಾದರೆ ಜೊಲ್ಲಿಗೆ ಪುರಸೊತ್ತೆಲ್ಲಿ?

ಇನ್ನು ನೀವು ಹೆಚ್ಚಾಗಿ ಕೇಳುವ ಪ್ರಶ್ನೆಗೆ ಬರುತ್ತೇನೆ: "ಎರಡು ವರ್ಷದ ಹಿಂದೆ ಸಿಮೆಂಟ್ ತುಂಬಿಸಿದ್ದೆ, ಈಗ ಅದೇ ಹಲ್ಲು ನೋಯುತ್ತಿದೆ. ಸಿಮೆಂಟ್ ಕಳಪೆಯೇ?"

ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಎಂದರೆ ಗಾಜಿನಂಥ ಪುಡಿ ಬೆರೆಸಿದ ಒಂದು ಬಗೆಯ ಪ್ಲಾಸ್ಟಿಕ್. ಹಲ್ಲಿನ ಮೇಲ್ಮೈಗೆ ಆಮ್ಲ ಹಚ್ಚಿ ಒರಟಾಗಿಸಿದರೆ ಅದು ಗಟ್ಟಿಯಾಗಿ ಹಿಡಿಯುತ್ತದೆ ಎಂದು 1955ರಲ್ಲಿ ತೋರಿಸಿದವರು ಅಮೆರಿಕದ ಬ್ಯೂನೊಕೋರ್. ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುವಾಗ ಇದು ಒಂದಿಷ್ಟು ಕುಗ್ಗುತ್ತದೆ. ಆಗ ಅಂಚಿನಲ್ಲಿ ಕೂದಲೆಳೆಗಿಂತ ಸಣ್ಣ ಸಂದು ಬಿಡಬಹುದು. ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸುವ ಬಗೆ ಸ್ವಾರಸ್ಯಕರವಾಗಿದೆ. ಕಿತ್ತ ಹಲ್ಲಿಗೆ ಫಿಲ್ಲಿಂಗ್ ಮಾಡಿ, 5 ಡಿಗ್ರಿಯ ತಣ್ಣೀರಿಗೂ 55 ಡಿಗ್ರಿಯ ಬಿಸಿನೀರಿಗೂ ಸಾವಿರಾರು ಬಾರಿ ಅದ್ದುತ್ತಾರೆ. ಬಿಸಿ ಚಹಾ, ಮೇಲೆ ಐಸ್‌ಕ್ರೀಂ ಎಂದುಕೊಳ್ಳಿ. ಆಮೇಲೆ ಬಣ್ಣದ ದ್ರವದಲ್ಲಿಟ್ಟು, ಹಲ್ಲನ್ನು ಸೀಳಿ, ಬಣ್ಣ ಎಷ್ಟು ಒಳಗೆ ಇಳಿದಿದೆ ಎಂದು ನೋಡುತ್ತಾರೆ. ಅಗಿಯುವ ಯಂತ್ರಕ್ಕೆ ಕೊಟ್ಟು ಸವೆತ ಅಳೆಯುವವರೂ ಇದ್ದಾರೆ.

ಇಂಥ ಸಂಶೋಧನೆಗಳಿಂದ ತಿಳಿದ ಇನ್ನೊಂದು ಸಂಗತಿ ನನಗೆ ಅಚ್ಚರಿ ತಂದಿತ್ತು. ಜೊಲ್ಲಿನಲ್ಲೂ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್‌ನಲ್ಲೂ ಎಸ್ಟರೇಸ್ ಎಂಬ ಕಿಣ್ವಗಳಿದ್ದು, ಅವು ಈ ಪ್ಲಾಸ್ಟಿಕ್ಕನ್ನೂ ಅಂಟನ್ನೂ ನಿಧಾನವಾಗಿ ಒಡೆಯಬಲ್ಲವು. ಅಂದರೆ ಹಲ್ಲು ತಿನ್ನುವ ರೋಗಾಣು ತೇಪೆಯ ಅಂಚನ್ನೂ ಬಿಡುವುದಿಲ್ಲ. ಸಿಮೆಂಟ್ ಗಟ್ಟಿಯಾಗಿಯೇ ಇರುತ್ತದೆ, ಪಕ್ಕದ ಹಲ್ಲಿನ ಭಾಗ ಮತ್ತೆ ಹುಳುಕಾಗುತ್ತದೆ. ಕಾಂಪೋಸಿಟ್ ಬದಲಾಯಿಸಬೇಕಾಗಿ ಬರುವುದಕ್ಕೆ ಇದು ಒಂದು ಮುಖ್ಯ ಕಾರಣ. ಹಾಗಾಗಿ ಫಿಲ್ಲಿಂಗ್ ಮಾಡಿಸಿದ ಹಲ್ಲಿಗೆ ಬ್ರಷ್ ಇನ್ನಷ್ಟು ಜಾಗ್ರತೆಯಿಂದ ಬೇಕು.

ಗ್ಲಾಸ್ ಅಯೋನೊಮರ್ ಎಂಬುದು ಬೇರೆ ಜಾತಿ. ಲಂಡನ್‌ನ ಸರಕಾರಿ ಪ್ರಯೋಗಾಲಯದಲ್ಲಿ ವಿಲ್ಸನ್ ಮತ್ತು ಕೆಂಟ್ ರೂಪಿಸಿದ ಇದು 1970ರ ದಶಕದಲ್ಲಿ ಬಳಕೆಗೆ ಬಂತು. ಹಲ್ಲಿಗೆ ತಾನಾಗಿ ಅಂಟಿ, ಸುತ್ತ ಫ್ಲೋರೈಡ್ ಬಿಡುತ್ತದೆ. ಸವೆಯುವುದು ಬೇಗ. ಆದರೂ ಡ್ರಿಲ್ ಸದ್ದಿಗೆ ಹೆದರುವ ಮಕ್ಕಳಿಗೆ ಇದು ವರದಾನ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಆರಂಭವಾದ ವಿಧಾನದಲ್ಲಿ ಕೈ ಉಪಕರಣದಿಂದಲೇ ಹುಳುಕನ್ನು ಕೆರೆದು, ಕರೆಂಟಿನ ಹಂಗಿಲ್ಲದೆ ಇಂಥ ಸಿಮೆಂಟನ್ನು ತುಂಬುತ್ತಾರೆ.

ಹಳೆಯ ಬೆಳ್ಳಿ ಬಣ್ಣದ ಫಿಲ್ಲಿಂಗ್‌ನಲ್ಲಿ ಸುಮಾರು ಅರ್ಧದಷ್ಟು ಪಾದರಸ ಇರುತ್ತದೆ. ಹಾಲುಹಲ್ಲುಗಳಿಗೆ, 15 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಮತ್ತು ಎದೆಹಾಲುಣಿಸುವವರಿಗೆ, ದಂತವೈದ್ಯರಿಗೆ ಅನಿವಾರ್ಯ ಎನಿಸಿದ ಸಂದರ್ಭ ಬಿಟ್ಟು, ಇದನ್ನು ಬಳಸದಂತೆ ನೋಡಿಕೊಳ್ಳಲು 2022ರಲ್ಲಿ ಮಿನಮಾಟಾ ಒಪ್ಪಂದದ ದೇಶಗಳು ತೀರ್ಮಾನಿಸಿವೆ. ಹಾಗೆಂದು ಬಾಯಲ್ಲಿ ಚೆನ್ನಾಗಿರುವ ಹಳೆಯ ಬೆಳ್ಳಿಯನ್ನು ಹೆದರಿ ಕೀಳಿಸಬೇಡಿ. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುವುದು.

ನಮ್ಮ ಮನೆಯ ವಸ್ತುಗಳೂ ದಂತವೈದ್ಯರ ತಟ್ಟೆಯಲ್ಲಿವೆ. ನರಕ್ಕೆ ಹತ್ತಿರ ಹೋದ ಹುಳುಕಿಗೆ ತಳದಲ್ಲಿ ಇಡುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೇರೇನಲ್ಲ, ಶುದ್ಧ ಮಾಡಿದ ಸುಣ್ಣ. 1990ರ ದಶಕದಲ್ಲಿ ಬಂದ ಎಂಟಿಎ ಎಂಬ ದುಬಾರಿ ಔಷಧದ ಮೂಲ ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟ್! ಲವಂಗದ ಎಣ್ಣೆಯ ಯೂಜಿನಾಲನ್ನು ಜಿಂಕ್ ಆಕ್ಸೈಡ್ ಜೊತೆ ಕಲಸಿದರೆ ತಾತ್ಕಾಲಿಕ ಫಿಲ್ಲಿಂಗ್. ಇದನ್ನು ಓದಿ ಎಲೆಯಡಿಕೆಯ ಸುಣ್ಣವನ್ನು ಹಲ್ಲಿಗೆ ಮೆತ್ತಬೇಡಿ, ವಸಡು ಬೆಂದು ಹೋಗುತ್ತದೆ. ಲವಂಗದ ಎಣ್ಣೆಯೂ ಅಷ್ಟೆ. ಅಲ್ಪ ಪ್ರಮಾಣದಲ್ಲಿ ನೋವು ತಣಿಸುವ ಯೂಜಿನಾಲ್ ಹೆಚ್ಚಾದರೆ ಜೀವಕೋಶಗಳನ್ನು ಕೊಲ್ಲುತ್ತದೆ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ: ಯೂಜಿನಾಲ್ ಅಂಶ ಉಳಿದರೆ ಕಾಂಪೋಸಿಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆದ್ದರಿಂದ ಎಣ್ಣೆ ಹಾಕಿದ್ದರೆ ದಂತವೈದ್ಯರಿಗೆ ಮುಚ್ಚಿಡದೆ ಹೇಳಿ.

ಮಿಸ್ವಾಕ್ ಬಗ್ಗೆಯೂ ಕೇಳುತ್ತೀರಿ. ಅದರಲ್ಲಿರುವ ಬೆಂಜೈಲ್ ಐಸೋಥಯೋಸಯನೇಟ್ ವಸಡುರೋಗದ ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಸ್ವೀಡನ್‌ನ ಪ್ರಯೋಗಾಲಯದಲ್ಲಿ ಸಾಬೀತಾಗಿದೆ. ಸಂತೋಷ. ಆದರೆ ಗಾಜಿನ ತಟ್ಟೆಯಲ್ಲಿ ಸತ್ತ ರೋಗಾಣು ಬಾಯಲ್ಲಿ ಅಷ್ಟೇ ಸುಲಭವಾಗಿ ಸಾಯುತ್ತದೆ ಎನ್ನಲಾಗದು. ಈ ಮಾತು ಬ್ಯಾಕ್ಟೀರಿಯಾ ನಾಶಕ ಬೆರೆಸಿದ ಹೊಸ ಫಿಲ್ಲಿಂಗ್‌ಗಳಿಗೂ ಅನ್ವಯ. ಮಿಸ್ವಾಕ್ ಹಲ್ಲನ್ನು ಕಾಪಾಡೀತು, ಬಿದ್ದ ಗುಳಿಯನ್ನು ಮುಚ್ಚದು. ಹಾಗೆಯೇ ತಂಬಾಕು ಬೆರೆತ ಮಂಜನ್ ಮನೆಯಲ್ಲಿದ್ದರೆ ಇಂದೇ ಎಸೆಯಿರಿ.

ರಮಝಾನಿನಲ್ಲಿ ಸಹರಿಗೆ ಖರ್ಜೂರ, ಸಿಹಿ ಚಹಾ ಮುಗಿಸಿ ಬಾಯಿ ತೊಳೆಯದೆ ಮಲಗುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ. ಸಹರಿಯ ಸಮಯ ಮುಗಿಯುವ ಮೊದಲು ಬ್ರಷ್‌ಗೆ ಎರಡು ನಿಮಿಷ ಇಟ್ಟುಕೊಳ್ಳಿ. ಮತ್ತೆ, ನಿಮ್ಮ ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರೆ ಇವತ್ತು ರಾತ್ರಿ ಮೊಬೈಲ್ ಟಾರ್ಚ್ ಹಾಕಿ ಬಾಯಿಯ ಕೊನೆಯವರೆಗೆ ನೋಡಿ. ಹೊಸ ದವಡೆ ಹಲ್ಲಿನ ಗೆರೆಗಳಲ್ಲಿ ಕಪ್ಪು ಅಥವಾ ಸುಣ್ಣದಂಥ ಬಿಳಿ ಕಲೆ ಕಂಡರೆ, ನೋವಿಗಾಗಿ ಕಾಯದೆ ದಂತವೈದ್ಯರಿಗೆ ತೋರಿಸಿ.