ರೇಷ್ಮೆ ಸೀಮೆಯ ಉಲ್ಲನ್ ಗಂಟು

ಯಲಹಂಕದಿಂದ ಹಿಂದೂಪುರದ ಕಡೆ ಹೊರಟ ರೈಲು ದೊಡ್ಡಬಳ್ಳಾಪುರ ದಾಟಿ, ಮಾಕಳಿದುರ್ಗದ ಬೆಟ್ಟಗಳ ನಡುವೆ ಹಾದು ತೊಂಡೇಬಾವಿಗೆ ಬರುತ್ತದೆ. ಗೌರಿಬಿದನೂರು ತಾಲ್ಲೂಕಿನ ಈ ಹೋಬಳಿ ಕೇಂದ್ರವನ್ನು ಹೊರಗಿನವರು ಸಿಮೆಂಟ್ ಕಾರ್ಖಾನೆಯಿಂದ ಗುರುತಿಸುತ್ತಾರೆ. ಆದರೆ ಸುತ್ತಲಿನ ಊರುಗಳನ್ನು ನೋಡಿದರೆ ತೊಂಡೇಬಾವಿ ಇರುವುದು ದಾರದ ಸೀಮೆಯಲ್ಲಿ. ದಕ್ಷಿಣಕ್ಕೆ ವಿದ್ಯುತ್ ಮಗ್ಗಗಳ ದೊಡ್ಡಬಳ್ಳಾಪುರ. ಪೂರ್ವಕ್ಕೆ ಹೋದರೆ ಗೂಡಿನ ಮಾರುಕಟ್ಟೆಯ ಶಿಡ್ಲಘಟ್ಟ, ಅದರಾಚೆ ಚಿಂತಾಮಣಿ ಕಡೆಯ ಹಿಪ್ಪುನೇರಳೆ ತೋಟಗಳು. ಹುಳು ಮೇಯಿಸುವವರು, ಗೂಡು ಹರಾಜು ಹಿಡಿಯುವವರು, ನೂಲು ಬಿಚ್ಚುವವರು, ಹುರಿ ಹಾಕುವವರು, ನೇಯುವವರು ಎಲ್ಲರ ಊಟವೂ ದಾರದಿಂದಲೇ ಬರಬೇಕು.

ಇದೇ ಸೀಮೆಯ ಎಷ್ಟೋ ಮನೆಗಳಲ್ಲಿ ಸಂಪಾದನೆಯ ಲೆಕ್ಕಕ್ಕೆ ಸೇರದ ಇನ್ನೊಂದು ದಾರವಿದೆ. ಬೀರುವಿನ ಕೆಳಗಿನ ಖಾನೆಯಲ್ಲೋ, ಮಂಚದಡಿಯ ಟ್ರಂಕಿನಲ್ಲೋ, ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಅಟ್ಟದ ಮೇಲೋ ಅದು ಕೂತಿರುತ್ತದೆ. ಬಿಚ್ಚಿದರೆ ಬಣ್ಣಬಣ್ಣದ ಉಲ್ಲನ್ ಉಂಡೆ, ನಂಬರ್ ಅಳಿಸಿಹೋದ ಕಡ್ಡಿ, ಒಂದು ತೋಳು ಬಾಕಿಯಿರುವ ಸ್ವೆಟರ್, ಪುಟ ಕಿತ್ತುಬಂದ ಡಿಸೈನ್ ಪುಸ್ತಕ. ಮನೆಯ ಉಳಿದವರ ಕಣ್ಣಿಗೆ ಅದು ಜಾಗ ತಿನ್ನುವ ಸಾಮಾನು. ಹೆಣೆಯುವವರಿಗೆ ಅದೇ ಉಗ್ರಾಣ.

ಈ ಉಗ್ರಾಣ ಬೆಳೆಯುವುದಕ್ಕೆ ಆಸೆಯಷ್ಟೇ ಕಾರಣವಲ್ಲ, ಬಣ್ಣದ ತಾಂತ್ರಿಕತೆಯೂ ಕಾರಣ. ಗಿರಣಿಯಲ್ಲಿ ದಾರಕ್ಕೆ ಬಣ್ಣ ಹಾಕುವುದು ಒಂದೊಂದು ಪಾತ್ರೆಯ ಲೆಕ್ಕದಲ್ಲಿ. ಇಂದಿನ ಪಾತ್ರೆಯ ಮೆರೂನ್‌ಗೂ ಮುಂದಿನ ತಿಂಗಳಿನ ಪಾತ್ರೆಯ ಮೆರೂನ್‌ಗೂ ಕೂದಲೆಳೆಯ ವ್ಯತ್ಯಾಸ ಉಳಿಯುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಡಿ ಅದು ಕಾಣುವುದಿಲ್ಲ. ಸ್ವೆಟರ್ ಮುಗಿದು ಬಿಸಿಲಿಗೆ ಬಂದಾಗ ಎದೆಯ ಅಡ್ಡಕ್ಕೆ ಪಟ್ಟಿಯಂತೆ ಎದ್ದು ನಿಲ್ಲುತ್ತದೆ. ಅದಕ್ಕಾಗಿಯೇ ಉಂಡೆಯ ಸುತ್ತಿನ ಕಾಗದದ ಮೇಲೆ ಶೇಡ್ ನಂಬರಿನ ಜೊತೆ ಲಾಟ್ ನಂಬರನ್ನೂ ಅಚ್ಚು ಹಾಕಿರುತ್ತಾರೆ. ಅನುಭವಸ್ಥರು ಬೇಕಾದ್ದಕ್ಕಿಂತ ಒಂದೆರಡು ಉಂಡೆ ಹೆಚ್ಚಿಗೇ ಕೊಳ್ಳುತ್ತಾರೆ. ತೊಂಡೇಬಾವಿಯಂಥ ಊರಿನವರಿಗಂತೂ ಇದು ಇನ್ನೂ ಅಗತ್ಯ. ಸಣ್ಣ ಊರಿನ ಫ್ಯಾನ್ಸಿ ಸ್ಟೋರಿನಲ್ಲಿ ಸಾಮಾನ್ಯವಾಗಿ ಸಿಗುವುದು ಬಾಗಿಲ ತೋರಣಕ್ಕೆ ಆಗುವ ಉಲ್ಲನ್. ಸ್ವೆಟರಿಗೆ ತಕ್ಕ ದಾರ ಬೇಕೆಂದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿಗೋ ಕಮರ್ಷಿಯಲ್ ಸ್ಟ್ರೀಟ್ ಕಡೆಗೋ ಹೋಗಬೇಕು. ಒಂದು ಉಂಡೆ ಕಡಿಮೆ ಬಿತ್ತೆಂದು ಮತ್ತೆ ರೈಲು ಹತ್ತುವುದು ಯಾರಿಂದಲೂ ಆಗದ ಮಾತು. ಹೋದರೂ ಅದೇ ಲಾಟ್ ಸಿಗುವ ಭರವಸೆಯಿಲ್ಲ. ಹಾಗೆ ಹೆಚ್ಚಿಗೆ ತಂದ ಉಂಡೆಗಳೇ ವರ್ಷಗಳು ಕಳೆದಂತೆ ಗಂಟಾಗುತ್ತವೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಉಲ್ಲನ್ ಎಂದು ಕೊಳ್ಳುವ ದಾರದ ಬಹುಪಾಲು ಕುರಿಯ ಮೈ ಕಂಡದ್ದಲ್ಲ. ಪೆಟ್ರೋಲಿಯಂ ಮೂಲದ ಅಕ್ರಿಲಿಕ್. ಲುಧಿಯಾನದ ಗಿರಣಿಗಳಿಂದ ಇಲ್ಲಿಯತನಕ ಬರುವ ಅದು ಅಗ್ಗ, ಮೆಷಿನ್ನಿನಲ್ಲಿ ಒಗೆಯಬಹುದು, ನುಸಿಯೂ ಮುಟ್ಟುವುದಿಲ್ಲ. ನುಸಿಗೆ ಬೇಕಾದದ್ದು ಉಣ್ಣೆಯಲ್ಲಿರುವ ಕೆರಾಟಿನ್. ಆದ್ದರಿಂದ ಬೇವಿನೆಲೆ, ನುಸಿಗುಳಿಗೆಯ ಆರೈಕೆ ನಿಜವಾದ ಉಣ್ಣೆಯ ಉಂಡೆಗೆ ಮಾತ್ರ ಬೇಕು. ನಮ್ಮ ನೆಲದ ಉಣ್ಣೆ ದಖ್ಖನಿ ಕುರಿಯದು. ಕುರುಬರು ತಲೆಮಾರುಗಳಿಂದ ಅದರಲ್ಲಿ ಕಂಬಳಿ ನೇಯ್ದಿದ್ದಾರೆ, ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡಿದ್ದಾರೆ. ಮಳೆಗೂ ಗಾಳಿಗೂ ಅದಕ್ಕೆ ಸಾಟಿಯಿಲ್ಲ. ಆದರೆ ಎಳೆ ಒರಟು. ಮಗುವಿನ ಕುಲಾವಿಗೆ ಒಗ್ಗುವುದಿಲ್ಲ.

ಹೆಣಿಗೆಯ ನಿಧಾನವನ್ನು ಅಳೆಯಲು ಒಂದು ಸರಳ ಲೆಕ್ಕ ಸಾಕು. ಎದೆಯ ಸುತ್ತಳತೆ 40 ಇಂಚು ಇರುವ ಸ್ವೆಟರ್, ಇಂಚಿಗೆ 5 ಕುಣಿಕೆಯ ಬಿಗಿ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ 200 ಕುಣಿಕೆ. ಉದ್ದಕ್ಕೆ ಇಂಚಿಗೆ 7 ಸಾಲು. ಕಂಕುಳಿನವರೆಗೆ 15 ಇಂಚು ಎಂದರೆ 105 ಸಾಲು. ಅಲ್ಲಿಗೆ 21,000 ಕುಣಿಕೆ. ನಿಮಿಷಕ್ಕೆ 25 ಕುಣಿಕೆಯಂತೆ ಕೈ ಓಡಿದರೂ 14 ಗಂಟೆ. ಇನ್ನೂ ತೋಳು, ಕುತ್ತಿಗೆ, ಹೆಗಲಿನ ಜೋಡಣೆ ಬಾಕಿ. ಹಾಲು ಕರೆದು, ಮಕ್ಕಳನ್ನು ಶಾಲೆಗೆ ಕಳಿಸಿ, ಮಧ್ಯಾಹ್ನ ಸಿಗುವ ಅರ್ಧ ಗಂಟೆಯಲ್ಲಿ ಇದು ನಡೆಯಬೇಕು. ಒಂದು ಚಳಿಗಾಲದಲ್ಲಿ ಶುರುವಾದದ್ದು ಮುಂದಿನ ಚಳಿಗಾಲಕ್ಕೆ ಮುಗಿದರೆ ಅದು ಸೋಮಾರಿತನವಲ್ಲ. ಅದಕ್ಕೆ ಹಿಡಿಯುವ ಕಾಲವೇ ಅಷ್ಟು.

ಶಿಡ್ಲಘಟ್ಟದವರಿಗೆ ಈ ಲೆಕ್ಕವನ್ನು ಬೇರೆ ರೀತಿಯಲ್ಲೂ ಹೇಳಬಹುದು. ಮಧ್ಯಮ ದಪ್ಪದ ದಾರದಲ್ಲಿ ದೊಡ್ಡವರ ಸ್ವೆಟರಿಗೆ ಹೆಚ್ಚುಕಡಿಮೆ 1,000ದಿಂದ 1,200 ಮೀಟರ್ ದಾರ ಹೋಗುತ್ತದೆ. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಹುಳು ಸುತ್ತಿಕೊಂಡಿರುವ ಎಳೆಯೂ ಸುಮಾರು ಅಷ್ಟೇ ಉದ್ದ. ಸ್ವೆಟರಿನ ದಾರ 400, 500 ಗ್ರಾಂ ತೂಗಿದರೆ ಗೂಡಿನ ಎಳೆ ಅರ್ಧ ಗ್ರಾಮನ್ನೂ ಮುಟ್ಟುವುದಿಲ್ಲ. ಅಷ್ಟು ಸಣ್ಣ ಎಳೆ ಒಂಟಿಯಾಗಿ ಯಾವ ಕೆಲಸಕ್ಕೂ ಬಾರದು. ಕುದಿನೀರಿನಲ್ಲಿ ಗೂಡು ಬೇಯಿಸಿ, ಅಂಟು ಸಡಿಲಿಸಿ, ಎಂಟು ಹತ್ತು ಗೂಡುಗಳ ಎಳೆಗಳನ್ನು ಒಂದಾಗಿ ಎಳೆದಾಗಲೇ ಅದು ಮಗ್ಗಕ್ಕೆ ಏರುವ ನೂಲು. ಹುಳುವಿಗೆ ಗೂಡು ಕಟ್ಟಲು ಎರಡು ಮೂರು ದಿನ ಸಾಕು.

ಮುಗಿಯದ ಕೆಲಸಗಳ ಬಗ್ಗೆ ಹೆಣೆಯುವವರಲ್ಲಿ ಒಂದು ಸಂಕೋಚವಿರುತ್ತದೆ. ಯಾರಾದರೂ ಕೇಳಿದರೆ ಮಾತು ತೇಲಿಸುತ್ತಾರೆ. ಸಂಕೋಚಕ್ಕೆ ಕಾರಣವಿಲ್ಲ. ಹೆಣಿಗೆಯ ದೊಡ್ಡ ಗುಣವೇ ಅದನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಬೇಡವೆಂದರೆ ಪೂರ್ತಿ ಬಿಚ್ಚಿ ದಾರವನ್ನು ಮರಳಿ ಪಡೆಯಬಹುದು ಎನ್ನುವುದು. ಕತ್ತರಿ ಬಿದ್ದ ಬಟ್ಟೆಗೆ ಆ ಭಾಗ್ಯವಿಲ್ಲ. ಬೆಳೆದ ಮಗುವಿನ ಸ್ವೆಟರನ್ನು ಬಿಚ್ಚಿದಾಗ ದಾರ ಗುಂಗುರು ಗುಂಗುರಾಗಿ ಬರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಲಡಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಿನಲ್ಲಿ ನೆನೆಸಿ, ಕೆಳಗೆ ಸಣ್ಣ ಭಾರ ತೂಗಿಬಿಟ್ಟು ನೆರಳಲ್ಲಿ ಒಣಗಿಸಿದರೆ ಗುಂಗುರು ಬಹುಮಟ್ಟಿಗೆ ಇಳಿಯುತ್ತದೆ. ಅಣ್ಣನ ಸ್ವೆಟರು ತಂಗಿಯ ಟೋಪಿಯಾಗಿ, ಆಮೇಲೆ ಅಜ್ಜಿಯ ಕಾಲುಚೀಲವಾಗಿ ಬದಲಾದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ಕಡ್ಡಿಗಳಿಗೂ ಒಂದು ಚರಿತ್ರೆಯಿದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಪೋನಿ ಕಡ್ಡಿಗಳ ತವರು ನೀಲಗಿರಿಯ ಕೆತ್ತಿ. ಅಲ್ಲಿ 1949ರಲ್ಲಿ ನೀಡಲ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಯಿತು. ಭಾರತದ ಕಡ್ಡಿಗಳಿಗೆ ಬಳಕೆಯಲ್ಲಿರುವುದು ಹಳೆಯ ಬ್ರಿಟಿಷ್ ನಂಬರು: ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ಬಾರ್ಡರಿಗೆ 12, ಮೈಗೆ 10 ಎಂಬ ಜೋಡಿ ಹೆಣೆಯುವವರ ಬಾಯಲ್ಲಿ ನಿಂತಿರುತ್ತದೆ. ಅಮೆರಿಕದಲ್ಲಿ ಇದು ತಲೆಕೆಳಗು. ಅಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ದಪ್ಪ. ಇಲ್ಲಿನ 8 ಎಂದರೆ 4 ಮಿಲಿಮೀಟರ್, ಅಲ್ಲಿನ 8 ಎಂದರೆ 5. ಮಗಳು ಅಮೆರಿಕದಿಂದ ಕಳಿಸಿದ ಪುಸ್ತಕ ನೋಡಿ ಹೆಣೆದ ಸ್ವೆಟರು ಮಗುವಿನ ಮೈಗೇ ಇಳಿಯದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ನಂಬರನ್ನು.

ಪುಸ್ತಕಗಳ ಕಥೆ ಇನ್ನೂ ಸೊಗಸು. ಕನ್ನಡದಲ್ಲಿ ಹೆಣಿಗೆಗೆಂದೇ ಬಂದ ಪುಸ್ತಕಗಳು ಕಡಿಮೆ. ಗಂಟಿನಲ್ಲಿ ಸಿಗುವುದು ದಾರದ ಕಂಪನಿಗಳ ಇಂಗ್ಲಿಷ್, ಹಿಂದಿ ಡಿಸೈನ್ ಪುಸ್ತಕ, ಮಹಿಳಾ ಪತ್ರಿಕೆಗಳ ಚಳಿಗಾಲದ ಸಂಚಿಕೆಯಿಂದ ಕತ್ತರಿಸಿಟ್ಟ ಹಾಳೆ. ಎಲ್ಲಕ್ಕಿಂತ ಬೆಲೆಬಾಳುವುದು ಕೈಬರಹದ ನೋಟ್‌ಬುಕ್. ಸೀದಾ ಎರಡು, ಉಲ್ಟಾ ಎರಡು, ಒಂದು ದಾರ ಮುಂದೆ ಎಂದು ಸಾಲುಸಾಲಾಗಿ ಬರೆದು, ಪಕ್ಕದಲ್ಲಿ ಅಂಗೈಯಗಲ ಹೆಣೆದ ಮಾದರಿಯನ್ನು ಸೂಜಿಯಿಂದ ಪುಟಕ್ಕೇ ಹೊಲಿದಿರುತ್ತಾರೆ. ಇಂಥದೊಂದು ನೋಟ್‌ಬುಕ್ ಮನೆಯಲ್ಲಿದ್ದರೆ ಹಳೇ ಪೇಪರಿನ ಜೊತೆ ತೂಕಕ್ಕೆ ಹಾಕಬಾರದು. ಅದರ ಇನ್ನೊಂದು ಪ್ರತಿ ಲೋಕದಲ್ಲಿ ಎಲ್ಲಿಯೂ ಇಲ್ಲ.

ಹೊರಗಿನ ಪುಸ್ತಕಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಬಾರ್ಬರಾ ವಾಕರ್ 1968ರಲ್ಲಿ ಹೆಣಿಗೆಯ ವಿನ್ಯಾಸಗಳ ದೊಡ್ಡ ಕೋಶವೊಂದನ್ನು ತಂದರು. ಇವತ್ತಿಗೂ ವಿನ್ಯಾಸ ಹುಡುಕುವವರು ಅದನ್ನು ತಿರುವುತ್ತಾರೆ. 1971ರಲ್ಲಿ ಬಂದ ಎಲಿಜಬೆತ್ ಜಿಮ್ಮರ್‌ಮನ್ ಅವರ ‘ನಿಟಿಂಗ್ ವಿದೌಟ್ ಟಿಯರ್ಸ್’ ಇನ್ನೊಂದು ದಾರಿ ತೋರಿತು. ಮಾದರಿಯನ್ನು ಅಕ್ಷರಶಃ ಅನುಸರಿಸಬೇಡಿ, ಲೆಕ್ಕ ಕಲಿಯಿರಿ ಎನ್ನುವುದು ಅವರ ನಿಲುವು. ಎದೆಯ ಸುತ್ತಿನ ಕುಣಿಕೆಗಳನ್ನು ನೂರು ಎಂದು ಹಿಡಿದು ಉಳಿದೆಲ್ಲವನ್ನೂ ಅದರ ಶೇಕಡಾವಾರಿನಲ್ಲಿ ಹೇಳುವ ಪದ್ಧತಿಯನ್ನು ಅವರು ಬೆಳೆಸಿದರು. ಮುಂಗೈಗೆ ಶೇ 20, ಕುತ್ತಿಗೆಗೆ ಶೇ 40. ಮೇಲಿನ 200 ಕುಣಿಕೆಯ ಸ್ವೆಟರಿಗಾದರೆ ಮುಂಗೈಗೆ 40, ಕುತ್ತಿಗೆಗೆ 80. ಇಷ್ಟು ತಿಳಿದವರು ಯಾವ ಮೈಗಾದರೂ, ಯಾವ ದಾರದಲ್ಲಾದರೂ ಸ್ವೆಟರ್ ಹೆಣೆಯಬಹುದು.

ಜಪಾನಿನ ಪುಸ್ತಕಗಳಲ್ಲಿ ಮಾತಿಗಿಂತ ಚಿತ್ರಪಟವೇ ಹೆಚ್ಚು. ಒಂದು ಚೌಕ ಒಂದು ಕುಣಿಕೆ, ಚೌಕದೊಳಗೆ ಗುರುತು. ಹಿಟೋಮಿ ಶಿಡಾ ಅವರ ವಿನ್ಯಾಸಗಳನ್ನು ಜಪಾನಿ ಬಾರದವರೂ ಹೆಣೆಯುವುದು ಹೀಗೆ. ಚುಕ್ಕಿ ಎಣಿಸಿ ರಂಗೋಲಿ ಬಿಡಿಸಿ ಪಳಗಿದ ಕಣ್ಣಿಗೆ ಇಂಥ ಪಟ ಅಪರಿಚಿತವೆನಿಸುವುದಿಲ್ಲ.

ಹೆಣಿಗೆ ನಮ್ಮ ಮನೆಗಳಿಗೆ ಬಂದದ್ದು ಬಹುಮಟ್ಟಿಗೆ ಮಿಷನ್ ಶಾಲೆಗಳ, ಕಾನ್ವೆಂಟುಗಳ ಮೂಲಕ. ಆಮೇಲೆ ತಾಲ್ಲೂಕು ಕೇಂದ್ರಗಳ ಮಹಿಳಾ ಸಮಾಜಗಳು, ಶಾಲೆಯ ಹೊಲಿಗೆ ಟೀಚರುಗಳು ಅದನ್ನು ಹರಡಿದರು. 1962ರ ಚೀನಾ ಯುದ್ಧದ ಚಳಿಗಾಲದಲ್ಲಿ ದೇಶದಾದ್ಯಂತ ಹೆಂಗಸರು ಜವಾನರಿಗಾಗಿ ಸ್ವೆಟರು ಹೆಣೆದು ಕಳಿಸಿದ್ದರು. ಯಂತ್ರದ ಸ್ವೆಟರು ಸಂತೆಯಲ್ಲಿ ಅಗ್ಗಕ್ಕೆ ಸಿಗತೊಡಗಿದ ಮೇಲೆ ಎರಡು ಕಡ್ಡಿಯ ಹೆಣಿಗೆ ಹವ್ಯಾಸವಾಗಿ ಉಳಿಯಿತು.

ಒಂಟಿ ಕೊಕ್ಕೆಯ ಕ್ರೋಶಾದ ದಾರಿ ಬೇರೆ. ಹೆಣಿಗೆಗೆ 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಯಂತ್ರ ಕಟ್ಟಿದ. ಕ್ರೋಶಾವನ್ನು ಕೈಯಂತೆಯೇ ಹಾಕುವ ಯಂತ್ರ ಮಾತ್ರ ಇವತ್ತಿಗೂ ಕಾರ್ಖಾನೆಗಳಿಗೆ ಬಂದಿಲ್ಲ. ಅಂಗಡಿಯಲ್ಲಿ ಕಾಣುವ ಪ್ರತಿಯೊಂದು ನಿಜವಾದ ಕ್ರೋಶಾ ತುಂಡಿನ ಹಿಂದೆಯೂ ಒಬ್ಬರ ಬೆರಳಿದೆ. ಕರ್ನಾಟಕದಲ್ಲಿ ಆ ಬೆರಳುಗಳು ಇಂದು ಹೆಚ್ಚು ದುಡಿಯುತ್ತಿರುವುದು ಸೀರೆಯ ಸೆರಗಿನ ಮೇಲೆ. ಹಿಂದೆ ಸೆರಗಿನ ಎಳೆಗಳನ್ನು ಗಂಟು ಹಾಕಿದರೆ ಕುಚ್ಚಿನ ಕೆಲಸ ಮುಗಿಯುತ್ತಿತ್ತು. ಈಗ ಕ್ರೋಶಾ ಕಡ್ಡಿಯಲ್ಲಿ ಕಮಾನು ಎತ್ತಿ, ಮಣಿ ಪೋಣಿಸಿ, ಎರಡು ಮೂರು ಬಣ್ಣದಲ್ಲಿ ಕುಚ್ಚು ಇಳಿಬಿಡುತ್ತಾರೆ. ಮದುವೆ ಸೀರೆಯ ಕುಚ್ಚಿಗೆ ದಿನಗಟ್ಟಲೆ ಹಿಡಿಯುತ್ತದೆ. ಉಲ್ಲನ್ ಉಂಡೆಗಳ ಜಾಗದಲ್ಲಿ ಈಗ ದಾರದ ರೀಲುಗಳ ಡಬ್ಬ, ಡಿಸೈನ್ ಪುಸ್ತಕದ ಜಾಗದಲ್ಲಿ ಮಾದರಿ ಕುಚ್ಚುಗಳನ್ನು ಹೊಲಿದಿಟ್ಟ ಬಟ್ಟೆಯ ಪಟ್ಟಿ.

ಹವ್ಯಾಸದ ನಯವೇ ಇಲ್ಲಿ ಹೆಂಗಸರಿಗೆ ಮುಳುವಾಗುತ್ತದೆ. ‘ಮನೇಲಿ ಸುಮ್ಮನೆ ಕೂತಾಗ ಮಾಡೋದು ತಾನೆ’ ಎನ್ನುವ ಮಾತಿನಿಂದ ಕೂಲಿ ಕುಗ್ಗುತ್ತದೆ. ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ ಇದೇ ನಡೆಯಿತು. ಮಿಷನರಿಗಳು 19ನೇ ಶತಮಾನದಲ್ಲಿ ಕಲಿಸಿದ ಕ್ರೋಶಾ ಲೇಸು ಅಲ್ಲಿಂದ ಹೊರದೇಶಗಳಿಗೆ ಹೋಗುತ್ತಿತ್ತು. ಹೆಣೆದವರನ್ನು ಮಾತ್ರ ಬಿಡುವಿನಲ್ಲಿ ಕೈಯಾಡಿಸುವ ಗೃಹಿಣಿಯರೆಂದೇ ಎಣಿಸಲಾಗಿತ್ತು. ಜರ್ಮನಿಯ ಸಮಾಜವಿಜ್ಞಾನಿ ಮಾರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ಈ ಅನ್ಯಾಯವನ್ನು ವಿವರವಾಗಿ ತೋರಿಸಿದರು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಕುಚ್ಚಿನ ಕೂಲಿಯನ್ನು ನಿಗದಿ ಮಾಡುವ ಅಂಗಡಿಗಳೂ ಗಿರಾಕಿಗಳೂ ಅದರಿಂದ ಕಲಿಯುವುದಿದೆ. ಗಂಟೆ ಲೆಕ್ಕ ಹಾಕಿ ಕೊಡಬೇಕು.

ಇನ್ನೊಂದು ಕೆಲಸವೂ ಈ ಸೀಮೆಗೆ ಸಾಧ್ಯವಿದೆ. ನೂಲು ಬಿಚ್ಚುವಾಗ ಗೂಡಿನ ಮೇಲ್ಪದರದ ಸಿಕ್ಕು ಎಳೆಗಳು ಜುಟ್ಟಾಗಿ ಬೇರೆಯಾಗುತ್ತವೆ. ಅದು ನೇರವಾಗಿ ಮಗ್ಗಕ್ಕೆ ಬಾರದು. ಹತ್ತಿಯಂತೆ ಹಿಂಜಿ ನೂತರೆ ಮೆತ್ತಗಿನ, ತುಸು ಮಂಕು ಹೊಳಪಿನ ಸ್ಪನ್ ಸಿಲ್ಕ್ ಆಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲೇ ಚನ್ನಪಟ್ಟಣದಲ್ಲಿ ಇದಕ್ಕೆಂದು ಗಿರಣಿ ಎದ್ದಿತ್ತು. ಕೈಹೆಣಿಗೆಗೆ ಶುದ್ಧ ರೇಷ್ಮೆ ಅಷ್ಟು ಒಗ್ಗುವುದಿಲ್ಲ, ಅದಕ್ಕೆ ಉಣ್ಣೆಯ ಸ್ಥಿತಿಸ್ಥಾಪಕ ಗುಣವಿಲ್ಲ, ತೂಗುಬಿದ್ದು ಉದ್ದವಾಗುತ್ತದೆ. ಉಣ್ಣೆಯ ಜೊತೆ ಬೆರೆಸಿ ನೂತರೆ ಎರಡರ ಗುಣವೂ ಬರುತ್ತದೆ. ಹೊರದೇಶಗಳ ಹೆಣಿಗೆಯ ಅಂಗಡಿಗಳಲ್ಲಿ ಇಂಥ ಉಂಡೆಗಳಿಗೆ ಒಳ್ಳೆಯ ಬೆಲೆಯಿದೆ. ಗೂಡು ಬೆಳೆಯುವ ಜಿಲ್ಲೆಯ ಹೆಣಿಗೆಗಾರ್ತಿಯರು ಲುಧಿಯಾನದ ಅಕ್ರಿಲಿಕ್ಕಿಗೆ ಬೆಂಗಳೂರಿನ ರೈಲು ಹತ್ತುವ ಬದಲು ಶಿಡ್ಲಘಟ್ಟದ ಜುಟ್ಟಿನಿಂದ ನೂತ ಉಂಡೆಯನ್ನು ಕೊಳ್ಳುವಂತಾಗಬೇಕು. ಸ್ತ್ರೀಶಕ್ತಿ ಗುಂಪುಗಳು ಸಣ್ಣ ಪ್ರಮಾಣದಲ್ಲಿ ಇದನ್ನು ಆರಂಭಿಸಲು ನೂಲುವ ಯಂತ್ರ, ಬಣ್ಣದ ತೊಟ್ಟಿ, ಮಾರಾಟಕ್ಕೆ ಒಂದು ಮಳಿಗೆ ಬೇಕು. ರೇಷ್ಮೆ ಇಲಾಖೆ ಮನಸ್ಸು ಮಾಡಿದರೆ ಇದು ಆಗದ ಕೆಲಸವಲ್ಲ.

ಈ ಡಿಸೆಂಬರಿನಲ್ಲಿ ಮೊದಲ ಸಲ ಕಡ್ಡಿ ಹಿಡಿಯುವವರು ನಂಬರ್ 8ರ ಒಂದು ಜೋಡಿ, ತಿಳಿ ಬಣ್ಣದ ಮಧ್ಯಮ ದಪ್ಪದ ಒಂದು ಉಂಡೆ ಕೊಂಡರೆ ಸಾಕು. ಕಪ್ಪು ದಾರದಲ್ಲಿ ಕುಣಿಕೆ ಕಾಣುವುದಿಲ್ಲ. ಅದನ್ನು ಆಮೇಲೆ ಮುಟ್ಟಿದರಾಯಿತು. 30 ಕುಣಿಕೆ ಹಾಕಿ ಬರೀ ಸೀದಾ ಸಾಲಿನಲ್ಲಿ ಒಂದು ಚೌಕ ಹೆಣೆಯಬೇಕು. ಅಂಚು ಸೊಟ್ಟಗಾದರೆ ನಡುವೆ ಎಲ್ಲೋ ಕುಣಿಕೆ ಹೆಚ್ಚಿದೆ ಅಥವಾ ಬಿಟ್ಟುಹೋಗಿದೆ. ಪ್ರತಿ ಸಾಲಿನ ಕೊನೆಗೆ ಎಣಿಸಿದರೆ ಸರಿಹೋಗುತ್ತದೆ. ಚೌಕ ನೆಟ್ಟಗೆ ಬಂದ ಮೇಲೆ ಕುಲಾವಿಗೆ ಕೈ ಹಾಕಬಹುದು. ಎಳೆಮಗುವಿನ ತಲೆಗೆ 50 ಗ್ರಾಮಿನ ಒಂದು ಉಂಡೆ ಹೆಚ್ಚೇ ಆಗುತ್ತದೆ. ಉಳಿದದ್ದನ್ನು ಲಾಟ್ ನಂಬರಿನ ಚೀಟಿಯ ಸಮೇತ ತೆಗೆದಿಡಬೇಕು.